ಸುಂಕಸಾಳದ ಗುರುತಿಲ್ಲದ ಹೆಂಗಸು

ಆ ಹೆಂಗಸು ನನಗೆ ಗುರುತಿಲ್ಲದವಳಲ್ಲ. ಅವಳ ಹೆಸರು ತುಳಸಿ. ನನ್ನ ಅಮ್ಮನ ತಂಗಿ, ನನಗೆ ಚಿಕ್ಕಿ. ನನಗೆ ಮೊದಲ ಸಲ ಎರಡು ಜಡೆ ಹಾಕಿ, ಅಬ್ಬಲಿ ಹೂ ಮುಡಿಸಿ ಶಾಲೆಗೆ ಕರೆದುಕೊಂಡು ಹೋದವಳು ಅವಳೇ. ಎರಡು ವರ್ಷದ ಹಿಂದೆ ಸೈಕಲ್ ಸವಾರರ ಇದೇ ಪುಟದಲ್ಲಿ ನಾನು ಬರೆದದ್ದು — "ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನಮ್ಮನ್ನು ಕರೆದು ಊಟ ಹಾಕಿದಳು" ಎಂದು ಬರೆದದ್ದು — ಸುಳ್ಳು.

ಆ ಲೇಖನ ಓದದವರಿಗಾಗಿ ಹೇಳುತ್ತೇನೆ. ಆ ವರ್ಷ ಯಾವುದೋ ಕಂಪನಿ ನಮ್ಮ ಕಡೆ ಒಂದು ಸೈಕಲ್ ಯಾನ ಏರ್ಪಡಿಸಿತ್ತು. ಸಾಮಾನೆಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಕಾರವಾರದಿಂದ ಹೊರಟು, ಅಂಕೋಲೆ ದಾಟಿ, ಘಟ್ಟದ ಬುಡದಲ್ಲಿ ಡೇರೆ ಹಾಕಿ ಮಲಗಿ, ಮರುದಿನ ಹಿಂದಿರುಗುವುದು. ಅದಕ್ಕೆ ಅವರು ಕೇಳಿದ ಶುಲ್ಕ, ಅತಿಥಿ ಉಪನ್ಯಾಸಕಿಯಾದ ನನ್ನ ಎರಡು ತಿಂಗಳ ಸಂಬಳ. ಅದರಲ್ಲಿ ಜೆರ್ಸಿ ಇತ್ತು, ಡೇರೆ ಇತ್ತು, ಹಿಂದೆ ಬರುವ ವ್ಯಾನ್ ಇತ್ತು, ಮೇಲಿನಿಂದ ತೆಗೆಯುವ ವಿಡಿಯೊ ಇತ್ತು.

"ನಮ್ಮ ರಸ್ತೆ, ನಮ್ಮ ಕಾಲು, ನಮ್ಮ ಬೆವರು. ಅವ್ರಿಗೆ ಎಂತಕ್ಕೆ ದುಡ್ಡು ಗೋ?" ಎಂದಳು ಸಂಜನಾ. ಅವಳು ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯವಳು, ಒಂದನೇ ತರಗತಿಯಿಂದ ಗೆಳತಿ. ನಾನು ಕಡಿಮೆ ಮಾತಿನವಳು. ನಾನು ನುಂಗಿಕೊಂಡದ್ದನ್ನೆಲ್ಲ ಅವಳೇ ಹೇಳಿಬಿಡುತ್ತಾಳೆ.

ನಾವೇ ಹೋಗುವುದೆಂದು ಆ ಕ್ಷಣವೇ ನಿಶ್ಚಯವಾಯಿತು — ಈಗ ನೆನೆದರೂ ಎದೆ ಹಾರುತ್ತದೆ! ಬೈತಖೋಲದಲ್ಲಿ ಟ್ರಾಲರ್ ಮೇಲೆ ದುಡಿಯುವ ಸಂಜನಾಳ ಅಪ್ಪ ಹಳೆಯ ತಾಡಪಾಲು ಕೊಟ್ಟರು. ನಾನು ಅಮ್ಮನ ಹೊಲಿಗೆ ಯಂತ್ರದಲ್ಲಿ ಅದನ್ನು ಚೀಲಗಳಾಗಿ ಹೊಲಿದೆ. ಸೂಜಿ ಎರಡು ಮುರಿದವು. ಬಲೆಯ ಹಗ್ಗದಿಂದ ಚೀಲಗಳನ್ನು ಸೈಕಲ್ಲಿನ ಹಿಂದೆ, ಮುಂದೆ, ನಡುವಿನ ಕಂಬಿಗೆ ಬಿಗಿದೆವು. ಎಷ್ಟು ತೊಳೆದರೂ ಒಣಮೀನಿನ ವಾಸನೆ ಹೋಗಲಿಲ್ಲ.

ಹೊರಟ ಬೆಳಿಗ್ಗೆ ಬೈತಖೋಲದ ಬಂದರಿನ ಮುಂದೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ನಮ್ಮನ್ನು ತಡೆದೇಬಿಟ್ಟರು.

"ಎಲ್ಲಿ ಹೊಂಟ್ರಿ ಬಾಯ್, ಸೈಕಲ್ ಮೇಲೆ ಸಂಸಾರ ಕಟ್ಕಂಡು?"

"ಸುಂಕಸಾಳಕ್ಕೆ."

"ಎಂತಕ್ಕೆ, ಬಸ್ಸು ಬಂದ್ ಆಗದ್ಯಾ? ಹೀಂಗೆ ತಿರುಗಿದ್ರೆ ಗಂಡ ಸಿಗೂದಿಲ್ಲ, ನೋಡಿ ಮತ್ತೆ!"

"ಸಿಕ್ರೆ ಹಿಂದೆ ಕೂರ್ಸ್ಕಂಡೇ ಬರ್ತೇವೆ ಮಾವಶಿ!" ಎಂದು ಸಂಜನಾ ಪೆಡಲು ತುಳಿದಳು. ಹಿಂದಿನಿಂದ ಬಂದ ನಗು ಬಿಣಗಾದ ಏರಿನವರೆಗೂ ನಮ್ಮನ್ನು ನೂಕಿಕೊಂಡು ಬಂತು.

ಆ ದಿನವನ್ನು ಹೇಗೆ ಹೇಳಲಿ — ಏರು ಹತ್ತಿ ನಿಂತಾಗ ಕೆಳಗೆ ಕಡಲು, ಇಳಿಯುವಾಗ ಕಿವಿಯಲ್ಲಿ ಬರೀ ಗಾಳಿ, ನಾನು — ತರಗತಿಯ ಕೊನೆಯ ಬೆಂಚಿಗೆ ನನ್ನ ದನಿ ಕೇಳುವುದಿಲ್ಲವೆಂದು ದೂರು ಹೇಳಿಸಿಕೊಳ್ಳುವ ನಾನು — ಗಂಟಲು ಬಿಚ್ಚಿ ಕೂಗಿದ್ದೆ. ಅಮದಳ್ಳಿ, ಅವರ್ಸಾ, ಅಂಕೋಲೆ. ಬಸ್ಸಿನ ಕಿಟಕಿಯಿಂದ ನೂರಾರು ಸಲ ಕಂಡ ಊರುಗಳು ಅಂದು ಮೊದಲ ಬಾರಿಗೆ ವಾಸನೆಗಳೊಂದಿಗೆ ಎದುರಾದವು. ಬಾಳೆಗುಳಿಯಲ್ಲಿ ಯಲ್ಲಾಪುರದ ರಸ್ತೆಗೆ ತಿರುಗಿದ ಮೇಲೆ ಲಾರಿಗಳ ಭಯ, ನಡುನಡುವೆ ಮರಗಳ ಸಂದಿಯಲ್ಲಿ ಗಂಗಾವಳಿ, ಕಾಲಿನಲ್ಲಿ ಹಿತವಾದ ನೋವು. ಇದನ್ನೆಲ್ಲ ಲೇಖನದಲ್ಲಿ ಬರೆದಿದ್ದೆ. ಇದೆಲ್ಲ ನಿಜವೇ.

ಬರೆಯದೆ ಬಿಟ್ಟದ್ದು ಇನ್ನು ಮುಂದಿನದು.

ಸುಂಕಸಾಳ ಹತ್ತಿರವಾದಾಗ ಯಾರೂ ನಮ್ಮನ್ನು ಅಕಸ್ಮಾತ್ತಾಗಿ ಕರೆಯಲಿಲ್ಲ. ನಾನು ಎರಡು ದಿನ ಮೊದಲೇ ಚಿಕ್ಕಿಗೆ ಫೋನು ಮಾಡಿದ್ದೆ. ಹೆದ್ದಾರಿಯ ಹೋಟೆಲೊಂದರ ಅಡುಗೆಮನೆಯಲ್ಲಿ ದಿನಗೂಲಿಗೆ ದುಡಿಯುವ ಅವಳು, ಅಂದಿನ ಕೂಲಿ ಬಿಟ್ಟು ನಮಗಾಗಿ ಮನೆಯಲ್ಲಿ ಉಳಿದಿದ್ದಳು. ಗಂಡ ತೀರಿದ ಮೇಲೆ ಅವಳು ಒಬ್ಬಳೇ. ಗೇಟಿನಲ್ಲಿ ನಿಂತು ಕಾಯುತ್ತಿದ್ದಳು.

"ಬಂದ್ರ್ಯಾ? ಎಷ್ಟೊತ್ತು ಮಗಾ! ಮೊದ್ಲು ಆಸರಿಗೆ ಕುಡೀರಿ," ಎಂದು ಬೆಲ್ಲ ಮತ್ತು ತಣ್ಣೀರಿನ ತಂಬಿಗೆ ತಂದಿಟ್ಟಳು. ಹಂಡೆಯಲ್ಲಿ ಬಿಸಿನೀರು ಕಾದಿತ್ತು. ಸಾಕಿದ ಹುಂಜವನ್ನು ಕೊಯ್ದು ಸಾರು ಮಾಡಿದ್ದಳು. ತನ್ನ ಹಾಸಿಗೆ ನಮಗೆ ಬಿಟ್ಟು ತಾನು ಚಾಪೆಯ ಮೇಲೆ ಮಲಗಿದಳು.

ಮರುದಿನ ಮುಂಜಾನೆ ನನ್ನ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತ, "ನಾನೊಂದು ಸಲ ಹತ್ಲಾ?" ಎಂದಳು. ಸೀರೆ ಎತ್ತಿ ಕಟ್ಟಿಕೊಂಡಳು. ಮನೆಯ ಮುಂದಿನ ಮಣ್ಣು ದಾರಿಯಲ್ಲಿ ನಾನು ಹಿಂದೆ ಹಿಡಿದು ಓಡಿದೆ.

"ಬಿಡೂಕಿಲ್ಲ ಹಾಂ! ಬಿಡೂಕಿಲ್ಲ... ಮಗಾ, ಹಿಡ್ದಿದ್ಯಾ?"

"ಹಿಡ್ದಿದೇನೆ ಚಿಕ್ಕಿ!"

"ಸುಳ್ಳು! ನಿನ್ನ ದನಿ ದೂರದಿಂದ ಬಂತು!"

ಹೌದು, ಆಗಲೇ ಬಿಟ್ಟಿದ್ದೆ. ಅವಳು ಕೂಗುತ್ತ, ನಗುತ್ತ, ವಾಲಾಡುತ್ತ, ಮುರುಗಲು ಮರದವರೆಗೂ ಹೋಗಿ ಬೇಲಿಗೆ ಒರಗಿ ನಿಂತಳು. ಆ ಮುಖ — ನಲವತ್ತೈದು ದಾಟಿದ ಹೆಂಗಸಿನ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇದೊಂದಿದ್ರೆ ದಿನಾ ಆ ಹಾಳು ಬಸ್ಸಿಗೆ ಕಾಯೂದು ತಪ್ತದೆ," ಎಂದಳು, ಏದುಸಿರಿನಲ್ಲೇ. "ಕೋಳಿ ಇನ್ನಷ್ಟಾಗ್ಲಿ. ಮಾರಿ ನಾನೂ ಒಂದು ತಕಂತೆ. ಹೊಸಾದು. ಮುಂದೆ ಬುಟ್ಟಿ ಇದ್ದದ್ದು!"

ಅವತ್ತು ಹಿಂದಿರುಗುವಾಗ ಬೇಲೇಕೇರಿಯಲ್ಲಿ, ಕಡಲ ಇಳಿತದ ಹೊತ್ತಿಗೆ ಗಟ್ಟಿಯಾದ ಒದ್ದೆ ಮರಳಿನ ಮೇಲೆ, ನಾವಿಬ್ಬರೂ ಕೈಬಿಟ್ಟು ಸೈಕಲ್ ಓಡಿಸಿದೆವು. ಇಂಥದ್ದು ನೂರು ಕಂಪನಿಗಳಿಂದಲೂ ಸಾಧ್ಯವಿಲ್ಲ ಅನ್ನಿಸಿತು. ಮನೆಗೆ ಬಂದವಳೇ ಬರೆಯಲು ಕೂತೆ. ಆ ಶುಲ್ಕವನ್ನು ಗೇಲಿ ಮಾಡಿದೆ. ಚೀಲ ಹೊಲಿಯುವ ಕ್ರಮವನ್ನು ವಿವರಿಸಿದೆ. ಕೊನೆಗೆ ಬರೆದೆ — ನಮ್ಮ ಖರ್ಚು ಚಹಾದ್ದು ಮಾತ್ರ. ಊಟ, ವಸತಿ ಸೊನ್ನೆ.

ಸೊನ್ನೆ. ಆ ಸೊನ್ನೆಯನ್ನು ಉಳಿಸಿಕೊಳ್ಳಲು ಚಿಕ್ಕಿಯನ್ನು ಅಳಿಸಬೇಕಾಯಿತು. ಚಿಕ್ಕಮ್ಮನ ಮನೆಯಲ್ಲಿ ಉಂಡು ಮಲಗಿದ್ದು ಸಾಹಸ ಹೇಗಾಗುತ್ತದೆ? ಅದು ನೆಂಟರ ಮನೆಗೆ ಹೋಗಿ ಬಂದದ್ದು. ಅವಳನ್ನು ಅಪರಿಚಿತಳನ್ನಾಗಿ ಮಾಡಿದೊಡನೆ — ಒಂದೇ ಒಂದು ಶಬ್ದಕ್ಕೆ — ಲೇಖನ ಮಿನುಗತೊಡಗಿತು. ಮನೆಯ ವಿಷಯ ಹೊರಗೆ ಹೇಳದಿರುವುದು ನನ್ನ ಸ್ವಭಾವ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೆಂಪು ಗೇಟು, ಮುರುಗಲು ಮರ, ಬಸ್ ನಿಲ್ದಾಣದಿಂದ ಎಷ್ಟು ದೂರ — ಇವನ್ನು ಮಾತ್ರ ಹೇಳಿದ್ದೆ.

ಸಂಜನಾ ಓದಿ ತಲೆ ಎತ್ತಿದಳು. "ಇದ್ರಲ್ಲಿ ನಿನ್ನ ಚಿಕ್ಕಿ ಎಲ್ಲಿ ಹೋದ್ಳು ಗೋ?"

"ಓದೋರಿಗೆ ಅದು ಬೇಡ," ಎಂದೆ.

ಅವಳು ಮತ್ತೇನೂ ಹೇಳಲಿಲ್ಲ. ಅವಳು ಸುಮ್ಮನಾಗುವುದು ಅಪರೂಪ. ಆಗಲೇ ನನಗೆ ತಿಳಿಯಬೇಕಿತ್ತು.

ಲೇಖನವನ್ನು ಬಹಳ ಜನ ಓದಿದಿರಿ. ನೀವೂ ಚೀಲ ಹೊಲಿದಿರಿ, ಚಿತ್ರ ಕಳಿಸಿದಿರಿ; ನಾನು ಹಿಗ್ಗಿದೆ. ನಿಮ್ಮಲ್ಲಿ ಕೆಲವರು ಸುಂಕಸಾಳದ ಕೆಂಪು ಗೇಟಿನವರೆಗೂ ಹೋದಿರಿ ಎಂಬುದು ನನಗೆ ಗೊತ್ತೇ ಇರಲಿಲ್ಲ. ಚಿಕ್ಕಿ ಫೋನಿನಲ್ಲಿ ಹೇಳಲಿಲ್ಲ. ನಾನೂ ಕಾಲೇಜು, ಪರೀಕ್ಷೆ ಎಂದು ಅತ್ತ ಹೋಗಲಿಲ್ಲ.

ಹೋದ ತಿಂಗಳು ಹೋದೆ, ಬಸ್ಸಿನಲ್ಲಿ. ಮೊದಲು ಕಣ್ಣಿಗೆ ಬಿದ್ದದ್ದು ಕೋಳಿಗೂಡು. ಅದರ ಬಾಗಿಲು ತೆರೆದೇ ಇತ್ತು. ಒಳಗೆ ಸೌದೆ ಒಟ್ಟಿತ್ತು. ಅಂಗಳದಲ್ಲಿ ಸೈಕಲ್ ಇರಲಿಲ್ಲ.

"ಕೋಳಿ ಎಲ್ಲಿ ಚಿಕ್ಕಿ?"

"ಹೋದ್ವು," ಎಂದಳು, ತಂಬಿಗೆ ಒರೆಸುತ್ತ.

ನಾನು ಮತ್ತೆ ಕೇಳುವಷ್ಟರಲ್ಲಿ ಗೇಟಿನ ಸದ್ದಾಯಿತು. ಇಬ್ಬರು ಸವಾರರು, ಬಣ್ಣದ ಜೆರ್ಸಿ. ನಾನು ನಡುಮನೆಯಲ್ಲಿ, ಬಾಗಿಲ ಮರೆಯಲ್ಲಿ ಕೂತಿದ್ದೆ.

"ಅಮ್ಮಾ, ಲೇಖನದಲ್ಲಿ ಬರೆದಿರೋದು ನಿಮ್ಮನ್ನೇ ಅಲ್ವಾ? ಕೆಂಪು ಗೇಟು!"

"ನಾನೇ. ಕೂತ್ಕಳಿ. ಆಸರಿಗೆ ಕೊಡ್ತೆ." ಅವಳು ಒಳಗೆ ಬಂದು ನನ್ನ ಕಡೆ ನೋಡದೆ ಬೆಲ್ಲದ ಡಬ್ಬಿ ಎತ್ತಿಕೊಂಡಳು. ಮಧ್ಯಾಹ್ನಕ್ಕೆ ನನಗೆಂದು ಮಾಡಿದ ಅನ್ನ, ಬಂಗಡೆ ಸಾರು ಹೊರಗೆ ಹೋಯಿತು.

ಉಂಡ ಮೇಲೆ ಒಬ್ಬ ಹಣ ಕೊಡಲು ಹೊರಟ. ಇನ್ನೊಬ್ಬ ತಡೆದ. "ಬೇಡ ಕಣೋ, ಇವ್ರು ತಗೊಳ್ಳಲ್ಲ. ಲೇಖನದಲ್ಲೇ ಇದೆಯಲ್ಲ." ಆಮೇಲೆ, ಪ್ರೀತಿಯಿಂದಲೇ ಕೇಳಿದ: "ಅಮ್ಮಾ, ಆ ಇಬ್ರು ಹುಡ್ಗೀರು ನಿಮಗೆ ಮೊದಲೇ ಗೊತ್ತಿದ್ರಾ?"

ಬಾಗಿಲ ಕಡೆ — ನನ್ನ ಕಡೆ — ಚಿಕ್ಕಿಯ ಕಣ್ಣು ಹೊರಳಿತು. ಆ ಕ್ಷಣದಲ್ಲಿ ನಾನು ಎದ್ದು ಹೊರಗೆ ಬರಬಹುದಿತ್ತು. ನಾಲ್ಕು ಹೆಜ್ಜೆ ಅಷ್ಟೇ.

ನಾನು ಏಳಲಿಲ್ಲ.

"ಇಲ್ಲಪ್ಪ," ಎಂದಳು ಚಿಕ್ಕಿ. "ಗುರ್ತೇ ಇಲ್ಲ ನಂಗೆ."

ಮೊದಲ ಸುಳ್ಳನ್ನು ನಾನೊಬ್ಬಳೇ ಬರೆದಿದ್ದೆ. ಎರಡನೆಯದನ್ನು ಅವಳಿಂದ ಆಡಿಸಿದೆ. ನನ್ನ ಮಾನ ಕಾಯಲು ಅವಳು ನನ್ನನ್ನೇ ಗುರುತಿಲ್ಲದವಳನ್ನಾಗಿ ಮಾಡಿಕೊಂಡಳು.

ಅವರು ಹೋದ ಮೇಲೆ ಅವಳು ಎಲೆ ತೆಗೆದು ಅಂಗಳ ಗುಡಿಸಿದಳು. "ಎಷ್ಟೊತ್ತು ಒಳಗೇ ಕೂತಿದ್ಯೇ, ಕಾಲು ಜುಮ್ ಹಿಡೀತೇನೋ," ಎಂದಳು. ಆಗ ನಾನು ಎದ್ದು ಅಂಗಳಕ್ಕೆ ಬಂದೆ.

"ಮೊದ್ಲು ಬಂದವ್ರೇ ಪೂರಾ ಓದಿ ಹೇಳಿದ್ರು. ಚಂದ ಬರ್ದಿ. ಹುಂಜದ ಸಾರಿಗೆ ಕಾಯಿ ಹುರಿದದ್ದು ಸಹ ಬರ್ದಿ. ಅದ್ಕೇ ಬಂದವ್ರೆಲ್ಲ ಆ ಸಾರನ್ನೇ ಕೇಳ್ತ್ರು." ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನಾ ನಿಂಗೆ ಗುರ್ತಿಲ್ದವಳಾ ಮಗಾ?"

ದುಡ್ಡು ಕೊಡಲು ಹೋದೆ. "ನೀ ಕೊಟ್ರೆ ನಾ ಹೋಟ್ಲಾದೆ," ಎಂದು ಕೈ ಸರಿಸಿದಳು. ನನ್ನ ಸೈಕಲ್ಲನ್ನೇ ಇಟ್ಟುಕೊಳ್ಳಲು ಬೇಡಿದೆ. "ನಿನ್ನದು ನಂಗೆಂತಕ್ಕೆ? ನಂದು ಅಂತ ಒಂದು ಬೇಕಿತ್ತು, ಅಷ್ಟೇ." ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಕಂಪನಿಯ ಶುಲ್ಕ ಹೆಚ್ಚೆಂದು ನಾನು ಈಗಲೂ ಹೇಳುತ್ತೇನೆ. ನೀವೇ ಚೀಲ ಹೊಲಿದು, ನೀವೇ ದಾರಿ ಹುಡುಕಿ ಹೊರಡಿ ಎಂದೂ ಹೇಳುತ್ತೇನೆ. ಬಿಣಗಾದ ಇಳಿಜಾರಿನ ಗಾಳಿಗೆ ಯಾರೂ ಚೀಟಿ ಹರಿಯುವುದಿಲ್ಲ. ಆದರೆ ನನ್ನ ಸೊನ್ನೆಯನ್ನು ನಂಬಬೇಡಿ. ನಮ್ಮ ಪಯಣದ ಖರ್ಚನ್ನು ಚಿಕ್ಕಿ ಕೊಟ್ಟಳು. ನಿಮ್ಮದನ್ನೂ ಅವಳೇ ಕೊಟ್ಟಳು. ತಪ್ಪು ನಿಮ್ಮದಲ್ಲ, ನೀವು ನಾನು ಬರೆದದ್ದನ್ನು ಓದಿ ಬಂದಿರಿ.

ಇದನ್ನು ಪ್ರಕಟಿಸುವ ಮೊದಲು ಚಿಕ್ಕಿಗೆ ಫೋನಿನಲ್ಲಿ ಪೂರ್ತಿ ಓದಿದೆ. "ಬರ್ಬೇಡಿ ಅಂತ ಮಾತ್ರ ಬರೀಬೇಡ," ಎಂದಳು. "ಬಾಯಾರಿ ಬಂದವ್ರಿಗೆ ನೀರಾದ್ರೂ ಕೊಡ್ತೆ." ಆದ್ದರಿಂದ ಬರೆಯುವುದಿಲ್ಲ. ನೀರು ಕುಡಿಯಿರಿ. ಊಟಕ್ಕೆ ಹೆದ್ದಾರಿಯಲ್ಲಿ ಹೋಟೆಲುಗಳಿವೆ.

ನಾಳೆ ಬೆಳಕು ಹರಿಯುತ್ತಲೇ ನಾನೂ ಸಂಜನಾಳೂ ಹೊರಡುತ್ತೇವೆ. ಅದೇ ತಾಡಪಾಲಿನ ಚೀಲ, ಅದೇ ಬಲೆಯ ಹಗ್ಗ. ಈ ಸಲ ನನ್ನ ಸೈಕಲ್ಲಿನ ಮುಂದೆ ಒಂದು ಬುಟ್ಟಿ ಕಟ್ಟಿ, ಅದರಲ್ಲಿ ಹೊಟ್ಟು ಹಾಸಿ ಕೋಳಿಮರಿಗಳನ್ನು ಇಟ್ಟಿದ್ದೇವೆ. ತವರಿನ ಕಡೆಯಿಂದ ಬಂದದ್ದನ್ನು ಅವಳು ಬೇಡ ಅನ್ನಲಾರಳು. ಈಗಲೇ ಅವು ಚಿಂವ್ ಚಿಂವ್ ಎಂದು ಮನೆಯನ್ನೆಲ್ಲ ಎಬ್ಬಿಸಿವೆ. ನನ್ನ ಎದೆಯೂ ಅವುಗಳ ಜೊತೆ ಹಾರುತ್ತಿದೆ. ಆದರೂ ಅವು ಬೆಳೆದು, ಮೊಟ್ಟೆಯಿಟ್ಟು, ಹೆಚ್ಚಾಗಿ, ಮಾರಾಟವಾಗುವವರೆಗೆ ಚಿಕ್ಕಿ ಬಸ್ಸಿಗೇ ಕಾಯಬೇಕು. ಅವಳ ಎರಡು ವರ್ಷವನ್ನು ನಾನು ಯಾವ ಬುಟ್ಟಿಯಲ್ಲಿಟ್ಟೂ ಒಯ್ಯಲಾರೆ.

ಒಂದು ಕೆಲಸ ಮಾತ್ರ ಮಾಡುತ್ತೇನೆ. ಕೆಂಪು ಗೇಟಿನ ಹೊರಗೇ ಸೈಕಲ್ ನಿಲ್ಲಿಸಿ, ಅಂಗಳದಲ್ಲಿ ಯಾರೇ ಕೂತಿರಲಿ, ಬಸ್ ನಿಲ್ದಾಣದವರೆಗೂ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತೇನೆ — ಚಿಕ್ಕೀ!