‘ನಿಲ್ಲಿಸಿ’ ಎಂದವರು

ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತಲೇ ಮೆದುಳಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ನಮ್ಮ ಆಸ್ಪತ್ರೆಯಲ್ಲಿ ನೆಲೆಯೂರಿದ್ದರೆ, ಅದರ ಶ್ರೇಯಸ್ಸು ಶಸ್ತ್ರ ಹಿಡಿದ ನಮಗಿಂತ ಹೆಚ್ಚಾಗಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಾಕ್ ಚಿಕಿತ್ಸಕಿಗೆ ಸಲ್ಲಬೇಕು. ‘ಮಾತಿನ ಮೇಡಂ’ ಎಂದೇ ಅವರು ಎಲ್ಲರಿಗೂ ಪರಿಚಿತರು. ಹಸಿರು ಹೊದಿಕೆಯಡಿ ಕುಳಿತು, ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತ, ರೋಗಿಯ ಮಾತು ಎಡವಿದೊಡನೆ ನಮ್ಮನ್ನು ತಡೆಯುವುದು ಅವರ ಕೆಲಸವಾಗಿತ್ತು. ನಾನು ಹೊಸಬನಾಗಿದ್ದಾಗ ಕೈ ನಡುಗಿದ್ದನ್ನು ಕಂಡು, “ಇವರ ತುಟಿ ಒದ್ದೆ ಮಾಡ್ತೀನಿ, ಎರಡು ನಿಮಿಷ ತಡೀರಿ ಸಾರ್” ಎಂದು ನೆಪ ಹೂಡಿ ನನ್ನ ಮಾನ ಉಳಿಸಿದ್ದರು.

ಒಂಬತ್ತು ವರ್ಷಗಳ ಹಿಂದೆ, ನಮ್ಮ ಸಲಕರಣೆಯ ತುದಿ ಮೆದುಳಿನಲ್ಲಿ ಎಲ್ಲಿದೆಯೆಂದು ಸ್ಕ್ಯಾನಿನ ಚಿತ್ರದ ಮೇಲೆ ತೋರಿಸುವ ಯಂತ್ರ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ವಾರ ಒಬ್ಬ ಬಸ್ ಕಂಡಕ್ಟರರ ಸರದಿ. ಮೇಡಂ ಆ ಕಂಡಕ್ಟರರಿಂದ ಅವರ ರೂಟಿನ ನಿಲ್ದಾಣಗಳನ್ನು ಹೇಳಿಸುತ್ತಿದ್ದರು. ಹನ್ನೊಂದನೆಯದಕ್ಕೆ ಕಂಡಕ್ಟರರು ತೊದಲಿದರು.

“ನಿಲ್ಲಿಸಿ ಸಾರ್.”

“ಪರದೆ ನೋಡಿ, ಗಡ್ಡೆ ಇನ್ನೂ ಇದೆ.”

“ಪರದೆ ಮೇಲಿರೋದು ನಿನ್ನೆಯ ಚಿತ್ರ. ಇವರು ಮಾತಾಡ್ತಿರೋದು ಈಗ.”

ತಲೆಬುರುಡೆ ತೆರೆದ ಮೇಲೆ ಮೆದುಳು ತುಸು ಸರಿಯುತ್ತದೆ, ಹಳೆಯ ಚಿತ್ರ ತಪ್ಪುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೂ ಇನ್ನೂ ಹತ್ತು ನಿಮಿಷ ಮುಂದುವರಿದೆ. ಕಂಡಕ್ಟರರು ಬದುಕಿದರು; ಮಾತು ಹೋಯಿತು. “ನಮ್ಮನೆಯವರು ಯಾಕೆ ಡಾಕ್ಟ್ರೇ ಸುಮ್ನೆ ನೋಡ್ತಾರೆ?” ಎಂದು ಅವರ ಹೆಂಡತಿ ಕೇಳಿದರು.

ವಿಚಾರಣೆಯಲ್ಲಿ ನಾನು ಬರೆದುಕೊಟ್ಟದ್ದು: ‘ಎಚ್ಚರಿಕೆ ಸಕಾಲದಲ್ಲಿ ಬರಲಿಲ್ಲ.’ ಅಂದು ಕೋಣೆಯಲ್ಲಿದ್ದವರೆಲ್ಲ ನನ್ನ ಕೈಕೆಳಗಿನವರು. ಯಾರೂ ತುಟಿ ಬಿಚ್ಚಲಿಲ್ಲ. ಮೇಡಂ ಅವರನ್ನು ನೆಲಮಾಳಿಗೆಯ ಶ್ರವಣ ಪರೀಕ್ಷೆಯ ಕೊಠಡಿಗೆ ಕಳಿಸಿದರು. ನಾನು ವಿಭಾಗದ ಮುಖ್ಯಸ್ಥನಾದೆ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಅವರು ನಮಸ್ಕರಿಸಿದರು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು.

ಮೇಡಂ ಅವರ ಬೀಳ್ಕೊಡುಗೆಗೆಂದು ತರುತ್ತಿರುವ ಈ ಸಂಪುಟಕ್ಕೆ ಬರೆಯಲು ಒಪ್ಪಿಗೆ ಕೇಳಹೋದಾಗ ಅವರು ತಲೆ ಎತ್ತದೆ ಹೇಳಿದರು: “ಬರೀರಿ ಸಾರ್. ಹೊಗಳಿಕೆ ಬೇಡ. ಅವತ್ತು ನಾನು ಏನಂದೆ ಅನ್ನೋದನ್ನ ಮಾತ್ರ ಬರೀರಿ.”

ಬರೆದಿದ್ದೇನೆ. ಕಂಡಕ್ಟರರ ಮನೆಗೆ ಮೇಡಂ ಈಗಲೂ ವಾರಕ್ಕೆರಡು ಬಾರಿ ಹೋಗಿ ಮಾತು ಕಲಿಸುತ್ತಾರೆಂದು ತಿಳಿದದ್ದು ಮೊನ್ನೆ. ಒಂಬತ್ತು ವರ್ಷಗಳಲ್ಲಿ ನಲವತ್ತು ಪದಗಳು ಮರಳಿವೆಯಂತೆ. ಮೇಡಂ ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಲಭಿಸಲಿ. ನಾನು ಹತ್ತು ನಿಮಿಷದಲ್ಲಿ ಕಳೆದದ್ದನ್ನು ಹುಡುಕಿ ತರಲು ಅವರಿಗೆ ಇನ್ನೂ ಬಹಳ ವರ್ಷಗಳು ಬೇಕು.