ರೇಣಮ್ಮನ ಹಾಳೆಯ ಮೇಲಿನ ಕೆಂಪು ಚುಕ್ಕಿಗಳು

“ಅಕ್ಷರ ಕೂಡಿಸಿ ಓದಾಕ ಬರ್ತದ ಯಕ್ಕಾ, ಹಾಡೂ ಓದಬೋದು ಅಂತ ನನಗ ಗೊತ್ತಿರಲಿಲ್ಲ. ಲಾಡ್ಲೇಸಾಬ ಕಾಕಾ ಪೇಟಿ ಮುಂದ ಕೂಡ್ರಿಸಿ ಹೇಳಿದ: ಸಾ ರೇ ಗಾ ಮಾ ಪಾ ಧಾ ನೀ, ಸ್ವರ ಏಳಽ. ಮತ್ತ ಸಾ ಬಂತಂದ್ರ ಅದು ಮ್ಯಾಲಿನ ಮನಿ ಸಾ. ಬರದಿದ್ದ ಸ್ವರದ ತಲಿ ಮ್ಯಾಲ ಚುಕ್ಕಿ ಇದ್ರ ಮ್ಯಾಲಿನ ಮನಿ, ಕಾಲ ಕೆಳಗ ಚುಕ್ಕಿ ಇದ್ರ ಕೆಳಗಿನ ಮನಿ, ಚುಕ್ಕಿ ಇಲ್ಲಂದ್ರ ನಡುವಿನ ಮನಿ. ಅಡಿಗೊಂದು ಗೀಟು ಇದ್ರ ಕೋಮಲ, ಸ್ವರ ಒಂದೀಟ ಇಳಸಬೇಕು. ಮುಂದ ಅಡ್ಡಗೀಟು ಇದ್ರ ಒತ್ತಿದ ಬೆರಳು ಎತ್ತಬಾರದು, ರೊಟ್ಟಿ ಬೇಯೋತನ ಕಾಯ್ತೀವಲ್ಲ, ಹಂಗ. ಇಷ್ಟಽ ನೋಡು!”

ಹೀಗೆ ನನಗೆ ಹೇಳಿದ ರೇಣಮ್ಮ ರಂಗಂಪೇಟೆಯಲ್ಲಿ ನಮ್ಮ ಪಕ್ಕದ ಮನೆಯವಳು. ಜೋಳದ ರೊಟ್ಟಿ ಬಡಿದು ಸುರಪುರದ ಖಾನಾವಳಿಗಳಿಗೆ ಕೊಡುತ್ತಾಳೆ. ನಮ್ಮ ಸೋಮವಾರದ ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಮಾನಪ್ಪನ ಬೆರಳುಗಳು ಈ ವರ್ಷ ಬಿಗಿದುಕೊಂಡವು. ಪೇಟಿ ರಿಪೇರಿಯ ಲಾಡ್ಲೇಸಾಬನ ಹತ್ತಿರ ರೇಣಮ್ಮ ಕಲಿಯುತ್ತಿದ್ದಾಳೆಂದು ಕೇಳಿ ಮಾನಪ್ಪ ಒಂದೇ ಮಾತು ಹೇಳಿದ: “ಅಮಾಸಿ ಮರುದಿನ ಸೋಮವಾರ. ಹಾಳಿ ನೋಡಿ ಒಂದು ಭಜನಿ ಪದ ತಪ್ಪದಂಗ ನುಡಸು, ಪೇಟಿ ನಿಂದು. ಇಲ್ಲಂದ್ರ ದೇವಾಪುರದ ಪೇಟಿ ಮಾಸ್ತರಗ ಹೇಳಿ ಕಳಸ್ತೀನಿ.”

ಲಾಡ್ಲೇಸಾಬ ಶನಿವಾರ ಹೊಸ ಪದವೊಂದರ ಸ್ವರ ಬರೆದುಕೊಟ್ಟ. ರೇಣಮ್ಮ ಹಾಳೆಯನ್ನು ದೇವರ ಮಾಡದಲ್ಲಿಟ್ಟಳು. ಅಮಾವಾಸ್ಯೆಯ ದಿನ ರೊಟ್ಟಿ ಕೊಟ್ಟು ಬಂದು ನೋಡಿದರೆ ಪ್ರತಿ ಸ್ವರದ ನೆತ್ತಿಯ ಮೇಲೂ ಒಂದೊಂದು ಕೆಂಪು ಚುಕ್ಕಿ. ಕಾಕಾ ಬಂದು ತಿದ್ದಿ ಹೋಗಿದ್ದಾನೆ ಅಂದುಕೊಂಡಳು.

ಸೋಮವಾರ ಸಂಜೆ ಗುಡಿಯಲ್ಲಿ ಅವಳು ಪೇಟಿಯ ಬಲತುದಿಯ, ಮೇಲಿನ ಮನೆಯ ಸ್ವರಗಳನ್ನೇ ಒತ್ತತೊಡಗಿದಳು. ಆ ಎತ್ತರಕ್ಕೆ ದನಿ ಏರಿಸಿ ಹಾಡಿ ಎರಡೇ ಸಾಲಿಗೆ ನಮ್ಮ ಕುತ್ತಿಗೆಯ ನರ ಉಬ್ಬಿದವು. ನಮ್ಮ ಜೊತೆ ಹಾಡುವ ಸುಮಂಗಲಾ ಕೆಮ್ಮುತ್ತ, “ಏನಬೇ, ನಮ್ಮನ್ನ ಮಾಳಿಗಿ ಹತ್ತಿಸಿ ನಿಚ್ಚಣಿಕಿ ತೆಗದಿಯೇನು?” ಅಂದಳು. ಮಾನಪ್ಪನ ಹುಬ್ಬು ಗಂಟಾಯಿತು. ಆದರೂ ರೇಣಮ್ಮ ಹಾಳೆಯಲ್ಲಿದ್ದುದನ್ನು ಬಿಡಲಿಲ್ಲ, ಕಡೆಯ ಸಾಲಿನವರೆಗೂ ನುಡಿಸಿದಳು.

ಶಿಷ್ಯೆ ನುಡಿಸುವುದನ್ನು ಕೇಳಲು ಬಂದು ಕೂತಿದ್ದ ಲಾಡ್ಲೇಸಾಬ ಹಾಳೆ ಇಸಿದುಕೊಂಡು ಒಂದು ಚುಕ್ಕಿಯನ್ನು ಬೆರಳಿನಿಂದ ಉಜ್ಜಿದ. ಬೆರಳು ಕೆಂಪಾಯಿತು.

“ಅರೇ, ಇದು ಕುಂಕುಮ! ಯಾರು ಹಚ್ಚಿದ್ದು?”

“ನಾನಽ,” ಅಂದಳು ಮೂಲೆಯಿಂದ ರೇಣಮ್ಮನ ಅತ್ತೆ ಲಾಲಮ್ಮ. “ಅಮಾಸಿ ಪೂಜಿ. ರೊಟ್ಟಿ ಕೊಡೋ ಹಂಚಿಗಿ ಹಚ್ಚೀನಿ, ವಿದ್ಯಾ ಕೊಡೋ ಹಾಳಿಗಿ ಬ್ಯಾಡೇನು? ಒಂದೂ ಬಿಟ್ಟಿಲ್ಲ ನೋಡಪ್ಪ, ಎಣಿಸು ಬೇಕಾದ್ರ!”

ಗುಡಿಯೆಲ್ಲ ನಕ್ಕಿತು. ಮಾನಪ್ಪ ಮಾತ್ರ ನಗದೆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. “ಅಂದ್ರ, ಅತ್ತಿ ಹಚ್ಚಿದ ಚುಕ್ಕಿ ಸಹಿತ ಒಂದೂ ತಪ್ಪದಂಗ ಓದ್ಯಾಳ ಈಕಿ,” ಅಂದ. “ದೇವಾಪುರಕ್ಕ ಯಾರೂ ಹೋಗೂದು ಬ್ಯಾಡ. ತಂಗಿ, ಈಗ ನಡುವಿನ ಮನಿಗಿ ಇಳಿದು ನುಡಸು.”

ಆಮೇಲೆ ನಾವು ಹಾಡಿದ್ದು ಬಾಯಿ ತುಂಬ.

ಲಾಡ್ಲೇಸಾಬ ಹೊಸ ಹಾಳೆ ಬರೆದು ಮೂಲೆಯಲ್ಲೊಂದು ಚೌಕ ಎಳೆದು ಕೊಟ್ಟ. “ಲಾಲಮ್ಮಕ್ಕಾ, ನಿನ್ನ ಕುಂಕುಮ ಇದರಾಗಽ ಇರಲಿ.”

ಮರುದಿನ ಮುಂಜಾನೆ ನಾನು ಕೆಂಡ ಕೇಳಲು ಹೋದಾಗ ಆ ಹಾಳೆ ಒಲೆಯ ಹಿಂದಿನ ಗೋಡೆಯ ಮೊಳೆಯಲ್ಲಿತ್ತು. ರೇಣಮ್ಮ ಅದನ್ನು ನೋಡುತ್ತ ಬಾಯೊಳಗೇ ಸ್ವರ ಹೇಳಿಕೊಂಡು, ಹಂಚಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕಿದಳು.