ಎರಡು ಶಬ್ದಗಳ ನಡುವಿನ ಜಾಗ

ಆಲಂಕಾರಿನ ಡೊಂಬಯ್ಯನ ಮಗಳು ಕುಮುದಿನಿ ಎಂಟು ವರ್ಷ ಜೆರುಸಲೇಮಿನಲ್ಲಿದ್ದು ಬಂದವಳು. ಊರಿನವರು ಅವಳಲ್ಲಿ ಕೇಳುತ್ತಿದ್ದದ್ದು ಎರಡೇ ಸಂಗತಿ: ಬಾಂಬು ಬೀಳುವಾಗ ಎಲ್ಲಿ ಅಡಗುದು, ಊಟಕ್ಕೆ ಅನ್ನ ಸಿಗ್ತದಾ. ಎರಡಕ್ಕೂ ಅವಳು ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಳು. ಅಲ್ಲಿ ಅವಳ ಕಿವಿಗೆ ಏನು ಬಿತ್ತು ಎಂದು ಯಾರೂ ಕೇಳಲಿಲ್ಲ.

ಹೋಗುವ ಮೊದಲು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಪಿಯುಸಿಯಲ್ಲಿ ಇಂಗ್ಲಿಷ್ ಒಂದೇ ವಿಷಯ ಕೈಕೊಟ್ಟಿತ್ತು. ಅಪ್ಪ ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದಾಗ ನಾಲ್ಕು ವರ್ಷ ಅವನನ್ನು ಎತ್ತಿದ್ದು, ತೊಳೆದದ್ದು, ಮಗ್ಗುಲು ಬದಲಿಸಿದ್ದು ಅವಳೇ. ಬೆನ್ನಲ್ಲಿ ಒಂದು ಹುಣ್ಣಾಗಲು ಬಿಡಲಿಲ್ಲ. ಆ ನಾಲ್ಕು ವರ್ಷದಲ್ಲಿ ಬಂದ ಸಂಬಂಧಗಳು ಬಂದ ದಾರಿಯಲ್ಲೇ ತಿರುಗಿ ಹೋದವು. ಅಪ್ಪ ತೀರಿಕೊಂಡ ಮೇಲೆ ಆಸ್ಪತ್ರೆಯ ನರ್ಸೊಬ್ಬಳು, "ನಿನ್ನ ಹಾಗೆ ಮುದುಕರನ್ನು ಎತ್ತಲಿಕ್ಕೆ ಗೊತ್ತಿದ್ದವರು ಇಸ್ರೇಲಿನಲ್ಲಿ ಬೇಕಂತೆ ಮಾರಾಯ್ತಿ. ಕಡಬದಿಂದ ಎಷ್ಟು ಜನ ಹೋಗಿದ್ದಾರೆ!" ಎಂದಳು. ಮೂವತ್ತಾರನೆಯ ವಯಸ್ಸಿನಲ್ಲಿ ಕುಮುದಿನಿ ಮೊದಲ ಸಲ ವಿಮಾನ ಹತ್ತಿದಳು.

ಅಲ್ಲಿ ಅವಳು ನೋಡಿಕೊಂಡದ್ದು ಅಮ್ರಾಮ್ ಎಂಬ ಎಂಬತ್ತೊಂದು ವರ್ಷದ ಮುದುಕರನ್ನು. ಆ ಊರಿನಲ್ಲಿ ಅಜ್ಜನಿಗೆ ಸಬಾ ಎನ್ನುತ್ತಾರೆ. ಅವಳೂ ಹಾಗೆಯೇ ಕರೆದಳು. ಸಬಾ ವಿಶ್ವವಿದ್ಯಾಲಯದಲ್ಲಿ ಯಹೂದಿಗಳ ಪ್ರಾಚೀನ ಬರಹಗಳನ್ನು ಕಲಿಸಿ ನಿವೃತ್ತರಾದವರು. ಕೈ ನಡುಗುವ ಕಾಯಿಲೆ. ಪುಸ್ತಕದ ಹಾಳೆ ಮಗುಚಲು ಆಗುತ್ತಿರಲಿಲ್ಲ. ಹಾಗಾಗಿ ಸ್ನಾನ, ಊಟ, ಮಾತ್ರೆ ಮುಗಿದ ಮೇಲೆ ಕುಮುದಿನಿಯ ಕೆಲಸ ಅವರ ಪಕ್ಕ ಕೂತು ಹಾಳೆ ಮಗುಚುವುದು. ಒಂದು ವರ್ಷದಲ್ಲಿ ಅವರ ಹೀಬ್ರೂ ಮಾತು ಅವಳಿಗೆ ಬಂತು. ಬರೆಯಲಿಕ್ಕೆ ಮಾತ್ರ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಫಾದರ್ ಅಂಬ್ರೋಸ್ ಬರುತ್ತಿದ್ದರು. ಫ್ರಾನ್ಸಿನವರು, ಐವತ್ತು ವರ್ಷದಿಂದ ಅಲ್ಲಿಯ ಒಂದು ಕ್ರೈಸ್ತ ಮಠದಲ್ಲಿದ್ದವರು. ಚಹಾ ಕುಡಿದು ಮುಗಿಯುವುದರೊಳಗೆ ಇಬ್ಬರಿಗೂ ಜಗಳ ಹತ್ತುತ್ತಿತ್ತು. ಮೊದಮೊದಲು ಕುಮುದಿನಿ ಹೆದರಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು, ಹೊಡೆದುಕೊಂಡರೆ ಬಿಡಿಸಬೇಕಲ್ಲ ಎಂದು. ಕೊನೆಗೊಮ್ಮೆ ಕೇಳಿಯೇ ಬಿಟ್ಟಳು: "ಎಂತಕ್ಕೆ ಸಬಾ ಇಷ್ಟು ಬೊಬ್ಬೆ?"

ಸಬಾ ಅವಳಿಗೆ ತಿಳಿಯುವ ಹಾಗೆ ಹೇಳಿದರು. ಏಸು ಸತ್ತು ಸುಮಾರು ಅರುವತ್ತು ವರ್ಷ ಆದ ಮೇಲೆ ಒಬ್ಬ ಯಹೂದಿ ತನ್ನ ಜನರ ಚರಿತ್ರೆ ಬರೆದ. ಅದರಲ್ಲಿ ಒಂದು ಕಡೆ ಏಸುವಿನ ಬಗ್ಗೆ ನಾಲ್ಕು ಸಾಲು ಉಂಟು, ಭಕ್ತರೇ ಬರೆದ ಹಾಗೆ. ಆದರೆ ಆತ ಸಾಯುವವರೆಗೆ ಯಹೂದಿಯಾಗಿಯೇ ಇದ್ದವ. ಅವನ ಕೈಬರಹ ಈಗ ಎಲ್ಲಿಯೂ ಇಲ್ಲ. ಕ್ರೈಸ್ತ ಮಠಗಳಲ್ಲಿ ಕೂತು ನಕಲು ಮಾಡಿದವರಿಂದಾಗಿ ಪುಸ್ತಕ ಉಳಿಯಿತು. ನಕಲು ಮಾಡುವವ ಆ ಸಾಲುಗಳನ್ನು ತಾನೇ ತುರುಕಿದ್ದಾನೆ, ಪೂರ್ತಿ ಸುಳ್ಳು ಎಂಬುದು ಸಬಾರ ವಾದ. ಮೂಲದಲ್ಲಿ ಏನೋ ಇತ್ತು, ಒಂದೆರಡು ಮಾತು ಮಾತ್ರ ಮೇಲಿಂದ ಸೇರಿದ್ದು ಎಂದು ಫಾದರ್. ಮೂವತ್ತು ವರ್ಷದಿಂದ ಇದೇ ಜಗಳ.

"ಅಷ್ಟಕ್ಕೆ ಮೂವತ್ತು ವರ್ಷ ಜಗಳವಾ?"

"ಆ ಕಾಲಕ್ಕೆ ಹತ್ತಿರದ, ಹೊರಗಿನ ಸಾಕ್ಷಿ ಬಹಳ ಕಡಿಮೆ ಮಗಳೇ. ಏಸುವಿನ ಧರ್ಮ ಹೇಗೆ ಶುರುವಾಯಿತು ಅಂತ ಹುಡುಕುವವರಿಗೆ ಒಂದೊಂದು ಶಬ್ದವೂ ಬೇಕು."

ಆಗ ಕುಮುದಿನಿಗೆ ತನ್ನ ಅಜ್ಜಿಯ ನೆನಪಾಯಿತು. ಇದ್ದದ್ದನ್ನು ಹೇಳಿದಳು. ಅಜ್ಜಿಯ ಹರೆಯದ ಮಗ ಬೋಜ ಕುಮಾರಧಾರೆಯಲ್ಲಿ ಕೊಚ್ಚಿಹೋಗಿದ್ದ. ಆಮೇಲೆ ಗದ್ದೆಯಲ್ಲಿ ನೇಜಿ ನೆಡುವಾಗ ಅಜ್ಜಿ ಒಂದು ಹೆಣ್ಣಿನ ಕತೆಯ ಹಳೆಯ ತುಳು ಹಾಡು, ಪಾಡ್ದನ, ಹೇಳುತ್ತಾ, ಆ ಹೆಣ್ಣು ಹೊಳೆ ದಾಟುವ ಕಡೆ ಒಂದು ಸಾಲು ಸೇರಿಸಿದಳು. ದೋಣಿಯಲ್ಲಿ ಅವಳನ್ನು ದಾಟಿಸಿದವನ ಹೆಸರು ಬೋಜ. ಪಕ್ಕದಲ್ಲಿ ನೆಡುತ್ತಿದ್ದ ಹೆಂಗಸರು ಅದನ್ನೇ ಹೇಳಿದರು. ಅವರ ಮಕ್ಕಳೂ ಹೇಳಿದರು. ಈಗ ಪೆರಾಬೆಯ ಕಡೆ ಹೋಗಿ ಕೇಳಿದರೆ, ಆ ಸಾಲು ಮೊದಲಿನಿಂದಲೇ ಉಂಟು ಎನ್ನುತ್ತಾರೆ.

ಸಬಾ ಕನ್ನಡಕ ತೆಗೆದರು. "ನಿನಗೆ ಎಂತ ಅನಿಸ್ತದೆ ಕುಮುದಿನಿ? ನಿನ್ನ ಅಜ್ಜಿ ಸುಳ್ಳು ಹೇಳಿದಳಾ?"

ಅಷ್ಟು ಓದಿದ ಮನುಷ್ಯ ತನ್ನಲ್ಲಿ ಅಭಿಪ್ರಾಯ ಕೇಳುತ್ತಿದ್ದಾರೆ ಎಂಬುದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸುಳ್ಳು ಅಂತ ಹೇಳಲಿಕ್ಕೆ ಆಗುದಿಲ್ಲ ಸಬಾ. ಅಷ್ಟು ಉದ್ದದ ಪಾಡ್ದನದಲ್ಲಿ ಎಲ್ಲರ ಹೆಸರುಂಟು, ಇವನದ್ದಿಲ್ಲ. ಅವಳಿಗೆ ತಡೆಯಲಿಕ್ಕೆ ಆಗಿರಲಿಕ್ಕಿಲ್ಲ. ಆ ನಕಲು ಮಾಡಿದವನಿಗೂ ಹಾಗೇ ಆಗಿದ್ದೀತು."

ಮುಂದಿನ ಶುಕ್ರವಾರ ಸಬಾ ಅವಳನ್ನು ಅಡುಗೆಕೋಣೆಯಿಂದ ಕರೆದು ಮೂರನೆಯ ಕುರ್ಚಿಯಲ್ಲಿ ಕೂರಿಸಿದರು. ಫಾದರಿನ ಎದುರು ಬೋಜನ ಕತೆ ಹೇಳಿಸಿದರು. ಅಂದಿನಿಂದ ಆ ಮೇಜಿನ ಮೇಲೆ ಮೂರು ಲೋಟ ಚಹಾ. ಜಗಳದ ನಡುವೆ ಇಬ್ಬರೂ ಅವಳ ಕಡೆ ತಿರುಗಿ, "ನೀನು ಹೇಳು" ಎನ್ನುತ್ತಿದ್ದರು. ಗುರುವಾರ ಸಂಜೆಯೇ ಅವಳು ತಲೆಗೆ ಎಣ್ಣೆ ಹಾಕಿ ಮಿಂದು, ಒಳ್ಳೆಯ ಚೂಡಿದಾರಕ್ಕೆ ಇಸ್ತ್ರಿ ಹಾಕಿ ಇಡುತ್ತಿದ್ದಳು.

ಎಂಟನೆಯ ವರ್ಷ ಫಾದರ್ ಕಣ್ಣಿನ ಆಪರೇಷನ್ನಿಗೆ ಫ್ರಾನ್ಸಿಗೆ ಹೋಗಿದ್ದಾಗ ಸಬಾ ಹಾಸಿಗೆ ಹಿಡಿದರು. ಫಾದರಿಗೆ ಹೇಳಬೇಕಾದ್ದು ಏನಾದರೂ ನೆನಪಾದರೆ, "ಬರೆದಿಡು" ಎನ್ನುತ್ತಿದ್ದರು. ಅವಳು ಆ ಹೀಬ್ರೂ ಮಾತನ್ನು ಕನ್ನಡ ಅಕ್ಷರದಲ್ಲಿ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ಬುಧವಾರ ಮಧ್ಯಾಹ್ನ ಬರೆದದ್ದೇ ಕೊನೆ. ಮರುದಿನ ಬೆಳಿಗ್ಗೆ ಎರಡು ಬೀದಿ ಆಚೆಯಿಂದ ಮಗಳು ಓಡಿಬರುವಷ್ಟರಲ್ಲಿ ಸಬಾ ಹೋಗಿಬಿಟ್ಟಿದ್ದರು. ನೋಡಿಕೊಳ್ಳುವ ಮುದುಕರೇ ಇಲ್ಲದ ಮೇಲೆ ಕುಮುದಿನಿಗೆ ಆ ದೇಶದಲ್ಲಿ ಇರಲಿಕ್ಕೆ ಕಾಗದ ಇಲ್ಲ. ಫಾದರ್ ತಿರುಗಿ ಬರುವ ಮೊದಲೇ ಅವಳು ಆಲಂಕಾರಿನಲ್ಲಿ, ತಮ್ಮ ರೂಪೇಶನ ಮನೆಯಲ್ಲಿ ಇದ್ದಳು. ಹಳೆಯ ಫೋನು ಕೆಟ್ಟು ನಂಬರುಗಳೂ ಹೋದವು.

ಊರಿನಲ್ಲಿ ಅವಳಿಗೆ ಕೆಲಸ ಪೆರಾಬೆಯ ಜೈನಬಮ್ಮನನ್ನು ಹಗಲು ಹೊತ್ತು ನೋಡಿಕೊಳ್ಳುವುದು. ಒಳ್ಳೆಯ ಮುದುಕಿ, ಒಳ್ಳೆಯ ಮನೆ. ಆದರೂ ಶುಕ್ರವಾರ ಬಂತೆಂದರೆ ಕುಮುದಿನಿಗೆ ಎಂತದ್ದೋ ಕಳೆದುಹೋದ ಹಾಗೆ. ಗಂಡಸರೆಲ್ಲ ಜುಮಾ ನಮಾಜಿಗೆ ಹೋಗಿ ಮನೆ ತಣ್ಣಗಾದಾಗ, ಯಾರಾದರೂ ಒಮ್ಮೆ ತನ್ನ ಕಡೆ ತಿರುಗಿ ನೀನು ಹೇಳು ಎನ್ನಬಾರದೇ ಎಂದು ಅನಿಸುತ್ತಿತ್ತು.

ಅಂಥದ್ದೇ ಒಂದು ಶುಕ್ರವಾರ, ಎರಡು ವರ್ಷದ ಮೇಲೆ, ಫೋನು ಬಂತು. ಸಬಾರ ಮಗಳಿಂದ ನಂಬರು ಹುಡುಕಿಸಿಕೊಂಡು ಫಾದರ್ ಮಾಡಿದ್ದರು. ದನಿ ತೆಳ್ಳಗಾಗಿತ್ತು.

"ನಾನು ಫ್ರಾನ್ಸಿಗೆ ಹೋಗ್ತಾ ಇದ್ದೇನೆ ಕುಮುದಿನಿ. ಇನ್ನು ಇಲ್ಲಿಗೆ ಬರುದಿಲ್ಲ. ಒಂದೇ ಒಂದು ವಿಷಯ ಕೇಳಬೇಕಿತ್ತು. ಕೊನೆಗೆ ಅವನು ಆ ಸಾಲುಗಳ ಬಗ್ಗೆ ಏನಾದರೂ ಹೇಳಿದನಾ?"

"ಬರೆದಿಟ್ಟಿದ್ದೇನೆ ಫಾದರ್. ಪುಸ್ತಕ ಮನೆಯಲ್ಲುಂಟು. ನಾಳೆ ಬೆಳಿಗ್ಗೆ ಮಾಡ್ತೀರಾ?"

ಸಂಜೆ ಮನೆಗೆ ಬಂದವಳೇ ಪೆಟ್ಟಿಗೆ ತೆರೆದಳು. ಬುಧವಾರದ ಹಾಳೆಯಲ್ಲಿ ಇದ್ದದ್ದು ಇಷ್ಟೇ: "ತಗೀದಿ ಲೆ ಅಂಬ್ರೋಸ್ ಲೋ ಶೆಲೋ." ತಗೀದಿ ಲೆ ಅಂಬ್ರೋಸ್ ಎಂದರೆ ಅಂಬ್ರೋಸನಿಗೆ ಹೇಳು. ಲೋ ಎಂದರೆ ಅಲ್ಲ. ಶೆಲೋ ಎಂದರೆ ಅವನದ್ದು.

ಎರಡನ್ನೂ ಕೂಡಿಸಿ ಓದಿದರೆ, ಆ ಸಾಲುಗಳು ಅವನದ್ದಲ್ಲ, ಚರಿತ್ರೆ ಬರೆದವನದ್ದಲ್ಲ ಎಂದಾಯಿತು. ಸಬಾ ಕೊನೆಯವರೆಗೆ ತಮ್ಮ ಮಾತಿನಲ್ಲೇ ನಿಂತರು. ಲೋ ಆದ ಮೇಲೆ ಒಂದು ಕ್ಷಣ ತಡೆದು ಓದಿದರೆ ಬೇರೆಯೇ ಅರ್ಥ: ಅಲ್ಲ, ನಾನು ಹೇಳಿದ್ದು ತಪ್ಪು, ಅದು ಅವನದ್ದೇ. ಆ ದಿನ ಸಬಾ ನಡುವೆ ತಡೆದಿದ್ದರೇ? ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ತನ್ನ ಕೈಯಲ್ಲಿ ನೀರಿನ ಲೋಟ ಇದ್ದದ್ದು ನೆನಪಾಯಿತು. ನೀರು ಬೇಕಾ ಎಂದು ಕೇಳಿದ್ದೂ ನೆನಪಾಯಿತು. ಕೇಳಿದ್ದು ಯಾವಾಗ ಎಂಬುದು ನೆನಪಾಗಲಿಲ್ಲ.

ತಾಯಿ ಸುಂದರಿ ಬಾಗಿಲಲ್ಲಿ ಬಂದು ನಿಂತಳು. "ಎಂತ ಮಗಾ, ಒಬ್ಬಳೇ ಮಾತಾಡುದು?"

"ಓದಿ ನೋಡುದಮ್ಮ."

ಅವಳು ಎರಡೂ ಬಗೆಯಲ್ಲಿ ಓದಿ ನೋಡುತ್ತಿದ್ದಳು. ತಡೆದು ಓದುವುದು ಎಷ್ಟು ಸುಲಭ! ಒಂದು ಉಸಿರಿನ ಅಂತರ. ಒಂದು ಅಕ್ಷರ ಕೂಡ ಸೇರಿಸಬೇಕಾಗಿಲ್ಲ. ಎಂಬತ್ತಾರು ವರ್ಷದ ಮನುಷ್ಯ, ಜೀವದ ಗೆಳೆಯ ಕೊನೆಗೆ ತನ್ನ ಮಾತು ಒಪ್ಪಿದ ಎಂಬ ಸಮಾಧಾನದಲ್ಲಿ ವಿಮಾನ ಹತ್ತಿಯಾರು. ಯಾರಿಗೆ ನಷ್ಟ? ಎಲ್ಲೋ ಒಂದು ಮಠದಲ್ಲಿ ಬೆರಳಿಗೆ ಮಸಿ ಹತ್ತಿಸಿಕೊಂಡು ಕೂತಿದ್ದವನ ಸಂಕಟ ಅವಳಿಗೆ ಆಗ ಪೂರ್ತಿ ತಿಳಿಯಿತು.

ಬೆಳಿಗ್ಗೆ ಫೋನು ಬಂದಾಗ ಅವಳು ಜಗಲಿಯಲ್ಲಿ ಕೂತಿದ್ದಳು. ಆ ಎರಡು ಶಬ್ದಗಳನ್ನು ಎಷ್ಟು ಸಮವಾಗಿ ಆಗುತ್ತದೋ ಅಷ್ಟು ಸಮವಾಗಿ ಓದಿದಳು.

"ನಡುವೆ ತಡೆದನಾ?" ಫಾದರ್ ಕೂಡಲೇ ಕೇಳಿದರು.

"ಗೊತ್ತಿಲ್ಲ ಫಾದರ್. ನನ್ನ ಕೈಯಲ್ಲಿ ನೀರಿತ್ತು. ಬೇಕಾ ಅಂತ ಕೇಳಿದ್ದೆ. ಲೋ ಅಂದದ್ದು ನೀರು ಬೇಡ ಅಂತಲೂ ಇರಬಹುದು."

ಆ ಕಡೆ ಫಾದರ್ ನಗತೊಡಗಿದರು. ನಕ್ಕೂ ನಕ್ಕೂ ಕೆಮ್ಮು ಬಂತು. "ಒಂದು ಸಾಲಿಗೆ ಆಗಲೇ ಮೂರು ಪಾಠಾಂತರ ಆಯಿತಲ್ಲ! ಬರೆದವಳು ಬದುಕಿರುವಾಗಲೇ!"

ಕುಮುದಿನಿಗೂ ನಗು ಬಂತು, ಅದರ ಜೊತೆಗೆ ಕಣ್ಣೀರೂ.

"ನನ್ನ ಕಿವಿಗೆ ಯಾವುದು ಬೀಳಬೇಕು ಅಂತ ಇತ್ತು, ನಿನಗೆ ಗೊತ್ತಿತ್ತು," ಎಂದರು ಫಾದರ್.

"ಗೊತ್ತಿತ್ತು."

"ಹಾಗೆ ಓದಬಹುದಿತ್ತು ನೀನು."

"ಓದಬಹುದಿತ್ತು ಫಾದರ್. ಬಾಯಿಗೆ ಬಂದಿತ್ತು. ಆದರೆ ಹಾಗೆ ಓದಿದ್ದರೆ ಅದು ನನ್ನ ಮಾತಾಗ್ತಿತ್ತು, ಸಬಾರದ್ದಲ್ಲ."

ಫಾದರ್, "ಅವನಿದ್ದಿದ್ದರೆ ಇದಕ್ಕೇ ಇನ್ನು ಹತ್ತು ಶುಕ್ರವಾರ ಜಗಳ ಮಾಡ್ತಿದ್ದೆವು," ಎಂದರು. ಆ ಹಾಳೆಯ ಫೋಟೋ ಕಳಿಸಲು ಹೇಳಿದರು. ಕನ್ನಡದ ಅಕ್ಷರ ಓದಲಿಕ್ಕೆ ಬಾರದಿದ್ದರೂ ಇಟ್ಟುಕೊಳ್ಳುತ್ತೇನೆ ಎಂದರು. ಅವಳು ಕಳಿಸಿದಳು. ಫ್ರಾನ್ಸಿನಿಂದ ಎರಡು ಸಲ ಫೋನು ಮಾಡಿದರು. ಮಳೆಗಾಲದ ಮೇಲೆ ಮಾಡಲಿಲ್ಲ. ಅವಳು ಮಾಡಿದರೆ ಯಾರೂ ಎತ್ತುವುದಿಲ್ಲ.

ಈಗ ಆ ಭಾಷೆಯಲ್ಲಿ ಮಾತಾಡಲಿಕ್ಕೆ ಅವಳಿಗೆ ಯಾರೂ ಇಲ್ಲ. ತಿಂಗಳಿಗೊಂದೆರಡು ಶಬ್ದ ಮರೆತುಹೋಗುತ್ತಿವೆ. ಚಮಚಕ್ಕೆ ಏನೆನ್ನುತ್ತಾರೆ ಎಂಬುದು ಹೋಯಿತು. ಮೊನ್ನೆ ಜೈನಬಮ್ಮನ ತಲೆ ಎತ್ತಿ ದಿಂಬು ಸರಿಮಾಡುವಾಗ ಅವಳ ತುಟಿ ಅಲುಗುತ್ತಿತ್ತು.

"ಎಂತ ಹೇಳ್ತೀ ಮಗಳೇ?" ಮುದುಕಿ ಕೇಳಿದಳು.

"ಏನಿಲ್ಲ ಉಮ್ಮ. ಅಲ್ಲಿ ದಿಂಬಿಗೆ ಎಂತ ಹೇಳ್ತಿದ್ದರು ಅಂತ ನೆನಪು ಮಾಡ್ತಿದ್ದೆ."

"ನೆನಪಾಯ್ತಾ?"

"ಇಲ್ಲ," ಎಂದಳು ಕುಮುದಿನಿ. ಮುದುಕಿಯ ತಲೆಯನ್ನು ಮೆಲ್ಲಗೆ ದಿಂಬಿನ ಮೇಲೆ ಇಳಿಸಿದಳು.